ಮನೆಯಲ್ಲಿ ಹೇಳುವವರು ಕೇಳುವವರು ಇಲ್ಲವೇ?

ನಾನು ಗುಡುಗುಮಳೆಯ ಫೋಟೋ ತೆಗೆಯುತ್ತೇನೆ. "ಸಿಡಿಲಿಗೆ ಭಯವಾಗುವುದಿಲ್ಲವೇ?" ಎಂದು ನೇರವಾಗಿ ಕೇಳಿದರೆ, ಆಗುತ್ತದೆ ಎಂದು ನೇರವಾಗಿಯೇ ಹೇಳುತ್ತೇನೆ. ಆದರೆ ನಮ್ಮ ಕಡೂರು, ಬೀರೂರಿನ ಕಡೆ ಯಾರೂ ಹಾಗೆ ಕೇಳುವುದಿಲ್ಲ. "ಮನೆಯಲ್ಲಿ ಹೇಳುವವರು ಕೇಳುವವರು ಯಾರೂ ಇಲ್ಲವೇ?" ಎನ್ನುತ್ತಾರೆ. ಇದ್ದಾರೆ. ಗಂಡ ಇದ್ದಾರೆ, ಅತ್ತೆ ಇದ್ದಾರೆ, ಕಾಲೇಜಿಗೆ ಹೋಗುವ ಮಗಳಿದ್ದಾಳೆ. ಅವರು ಹೇಳುವುದನ್ನು ಹೇಳುತ್ತಾರೆ, ಕೇಳುವುದನ್ನು ಕೇಳುತ್ತಾರೆ, ಮೋಡ ಕಟ್ಟಿದರೆ ನಾನು ಹೊರಡುತ್ತೇನೆ. ಇದೇ ಕೆಲಸ ಮಾಡುವ ಗಂಡಸರಿಗೆ "ಯಾವ ಕ್ಯಾಮೆರಾ?" ಎಂಬ ಪ್ರಶ್ನೆ ಬರುತ್ತದೆಯಂತೆ.

ಕಳೆದ ಬೇಸಿಗೆಯಲ್ಲಿ ಒಂದು ಮದುವೆ ಊಟ. ದೂರದ ಸಂಬಂಧದ ದೊಡ್ಡಪ್ಪ ಒಬ್ಬರು ಈ ಪ್ರಶ್ನೆಯನ್ನು ನನಗೂ ಕೇಳದೆ, ಪಕ್ಕದ ಎಲೆಗೆ ಕೂತಿದ್ದ ನನ್ನ ಯಜಮಾನರಿಗೆ ಕೇಳಿದರು. "ಏನಪ್ಪಾ, ನೀನಾದರೂ ಬುದ್ಧಿ ಹೇಳಬಾರದೇ?" ಇವರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ, "ಮೋಡಕ್ಕೆ ಬೇಕಾದರೆ ಹೇಳಿ ನೋಡುತ್ತೇನೆ" ಎಂದರು. ಸಾಲಿನವರೆಲ್ಲ ನಕ್ಕರು. ಅನ್ನ ಸಾರು ಬರುವ ಹೊತ್ತಿಗೆ ಅದೇ ದೊಡ್ಡಪ್ಪ ತಮ್ಮ ಕಥೆ ತೆಗೆದರು. ತರೀಕೆರೆಯಿಂದ ಸ್ಕೂಟರಿನಲ್ಲಿ ಬರುವಾಗ ಗುಡುಗು ಸಹಿತ ಮಳೆ ಹಿಡಿಯಿತಂತೆ, ಹುಣಸೆ ಮರದ ಬುಡದಲ್ಲಿ ನಿಂತರಂತೆ, ಎದುರಿನ ತೋಟದ ತೆಂಗಿನ ಮರಕ್ಕೆ ಸಿಡಿಲು ಬಡಿಯಿತಂತೆ. "ದೇವರು ದೊಡ್ಡವನು." ಎಲ್ಲರೂ ಹೌದೆಂದು ತಲೆಯಾಡಿಸಿದರು. ನಿಮ್ಮ ಮನೆಯಲ್ಲಿ ಹೇಳುವವರಿಲ್ಲವೇ ಎಂದು ಅವರನ್ನು ಯಾರೂ ಕೇಳಲಿಲ್ಲ. ನನಗೆ ಮೈಯೆಲ್ಲ ಉರಿಯಿತು.

ಮರಕ್ಕೆ ಬಡಿದ ಸಿಡಿಲು ಬುಡದಲ್ಲಿ ನಿಂತವರ ಮೈಗೂ ಹಾರುತ್ತದೆ, ಸುತ್ತಲ ನೆಲದಲ್ಲೂ ಹರಡುತ್ತದೆ. ಮರದಡಿ ನಿಂತ ಹಸು ಸಾಯುವುದು ಹಲವು ಸಲ ಹೀಗೆಯೇ: ಮುಂಗಾಲಿಗೂ ಹಿಂಗಾಲಿಗೂ ಅಂತರ ಹೆಚ್ಚು, ನೆಲದಲ್ಲಿ ಹರಿಯುವ ವಿದ್ಯುತ್ತು ಒಂದು ಕಾಲಿನಿಂದ ಹತ್ತಿ ಎದೆ ಹಾಯ್ದು ಇನ್ನೊಂದು ಕಾಲಿನಿಂದ ಇಳಿಯುತ್ತದೆ. ನಾನು ಕೂರುವುದು ಕಾರಿನೊಳಗೆ, ಗಾಜು ಏರಿಸಿಕೊಂಡು. ಕಾಯುವುದು ಟೈರಿನ ರಬ್ಬರಲ್ಲ, ಸುತ್ತಲಿನ ಲೋಹದ ಕವಚ. ಕ್ಯಾಮೆರಾ ಮಾತ್ರ ಹೊರಗೆ, ಮೂರು ಕಾಲಿನ ಮೇಲೆ. ರಿಮೋಟು ನನ್ನ ಕೈಯಲ್ಲಿ.

ನಾನು ಮಳೆಯಲ್ಲಿ ನಿಂತು ಫೋಟೋ ತೆಗೆಯುತ್ತೇನೆಂದು ಇವರೆಲ್ಲ ತಿಳಿದುಕೊಂಡಂತಿದೆ. ನಾನು ನೆನೆದೆನೆಂದರೆ ಅಂದಿನ ಫೋಟೋ ಹೋಯಿತೆಂದೇ ಲೆಕ್ಕ. ಮಳೆಯ ಒಳಗಿನಿಂದ ಮಳೆ ಕಾಣುವುದಿಲ್ಲ, ಬಿಳಿ ಪರದೆ ಕಾಣುತ್ತದೆ. ಮಲೆನಾಡಿನ ಗೆಳತಿಯರು ಮೂಡಿಗೆರೆಗೆ ಕರೆಯುತ್ತಾರೆ. ಅಲ್ಲಿ ಮೋಡ ಗುಡ್ಡದ ಹಿಂದಿನಿಂದ ಬಂದು ಹೆಂಚಿನ ಮೇಲೆ ಸುರಿಯುವವರೆಗೂ ಅದರ ಮುಖ ಕಾಣುವುದಿಲ್ಲ. ಬಯಲುಸೀಮೆಯಲ್ಲಿ ಹಾಗಲ್ಲ. ಏಪ್ರಿಲ್, ಮೇ ತಿಂಗಳಲ್ಲಿ, ಭರಣಿ ಮಳೆಯ ಆಸುಪಾಸಿನಲ್ಲಿ, ಮಧ್ಯಾಹ್ನದ ಹೊತ್ತಿಗೆ ಬಾಬಾಬುಡನ್‌ಗಿರಿ ಸಾಲಿನ ಮೇಲೆ ಮೋಡ ಏಳಲು ಶುರುವಾಗುತ್ತದೆ. ಬಾಸೂರು ಕಾವಲು ಎಂಬ ಹುಲ್ಲುಗಾವಲಿನ ಅಂಚಿನ ರಸ್ತೆಯಲ್ಲಿ ಕಾರು ನಿಲ್ಲಿಸಿದರೆ ಹತ್ತು ಹನ್ನೆರಡು ಕಿಲೋಮೀಟರ್ ಎತ್ತರದ ಮೋಡ ಬುಡದಿಂದ ತಲೆಯವರೆಗೆ ಕಾಣುತ್ತದೆ. ಸಂಜೆ ಅದು ಹೊಸದುರ್ಗದ ಕಡೆ ದಾಟಿಬಿಟ್ಟರೆ ಹಬ್ಬ. ಪಶ್ಚಿಮದ ಇಳಿಬಿಸಿಲು ನೇರವಾಗಿ ಅದರ ಮೈಮೇಲೆ ಬೀಳುತ್ತದೆ, ಚಪ್ಪಟೆಯಾಗಿ ಹರಡಿದ ತಲೆಯ ಅಡಿಯಲ್ಲಿ ಹಸುವಿನ ಕೆಚ್ಚಲಿನಂತೆ ಜೋತುಬಿದ್ದ ಗಂಟುಗಳು ಒಂದೊಂದೂ ಕೆಂಪಾಗುತ್ತವೆ. ಕತ್ತಲಾದ ಮೇಲೆ ಮಿಂಚಿನ ಸರದಿ. ಐಎಸ್‌ಒ 100, ಅಪರ್ಚರ್ ಎಂದರೆ ಬೆಳಕು ಒಳಬರುವ ಕಿಂಡಿ ಎಫ್ 8, ಶಟರ್ ತೆರೆದಿರುವುದು 15ರಿಂದ 20 ಸೆಕೆಂಡು, ಒಂದರ ಹಿಂದೆ ಒಂದು. ಮಿಂಚು ಸೆಕೆಂಡು ಕಳೆಯುವುದರೊಳಗೆ ಮುಗಿದುಹೋಗುತ್ತದೆ, ಹಾಗಾಗಿ ಅದರ ಹೊಳಪನ್ನು ಹಿಡಿತದಲ್ಲಿಡುವುದು ಶಟರಲ್ಲ, ಅಪರ್ಚರು. ಇಷ್ಟು ಹೇಳಿದ ಮೇಲೂ ಕ್ಯಾಮೆರಾ ಯಾವುದೆಂದು ಕೇಳುವವರಿಗೆ ನನ್ನ ನಮಸ್ಕಾರ.

ಇನ್ನು ಅಮೆರಿಕದ ಟೊರ್ನಾಡೊ ವಿಡಿಯೋ ಕಳುಹಿಸಿ "ಇಂಥದ್ದು ಸಿಕ್ಕಿತೇ?" ಎನ್ನುವವರು. ಇಲ್ಲ. ಬೇಸಿಗೆಯ ಒಣ ಹೊಲದಲ್ಲಿ ತರಗೆಲೆ ಎತ್ತಿಕೊಂಡು ತಿರುಗುತ್ತದಲ್ಲ, ಆ ಸುಂಟರಗಾಳಿ ಕಾದ ನೆಲದಿಂದ ಏಳುವಂಥದ್ದು, ಅದಕ್ಕೆ ಮೋಡವೇ ಬೇಕಿಲ್ಲ. ಟೊರ್ನಾಡೊ ಮೋಡದಿಂದ ನೆಲಕ್ಕೆ ಇಳಿಯುವಂಥದ್ದು. ಕಾನ್ಸಾಸ್, ಒಕ್ಲಹೋಮಾದ ಬಯಲಿನಲ್ಲಿ ಮೆಕ್ಸಿಕೊ ಕೊಲ್ಲಿಯ ಹಸಿಗಾಳಿಯ ಮೇಲೆ ಪಶ್ಚಿಮದ ಒಣಗಾಳಿ ಬಂದು ಕೂರುತ್ತದೆ, ಅದಕ್ಕೂ ಮೇಲೆ ಬೇರೆ ದಿಕ್ಕಿನ ಬಿರುಗಾಳಿ. ಈ ಎಳೆದಾಟಕ್ಕೆ ಸಿಕ್ಕಿದ ಮೋಡ ಇಡಿಯಾಗಿ ತಿರುಗತೊಡಗುತ್ತದೆ, ಗಂಟೆಗಟ್ಟಲೆ ಬದುಕುತ್ತದೆ. ನಮ್ಮಲ್ಲಿ ಬೇಸಿಗೆಯಲ್ಲಿ ಮೇಲಿನ ಗಾಳಿ ಅಷ್ಟು ಬಲವಾಗಿರುವುದಿಲ್ಲ. ಮೋಡ ಸಾಮಾನ್ಯವಾಗಿ ತನ್ನ ಮಳೆಯ ಭಾರಕ್ಕೆ ತಾನೇ ಕುಸಿಯುತ್ತದೆ. ನಮ್ಮ ಉಪಖಂಡದಲ್ಲಿ ಆ ಕಾಟ ಬಂಗಾಳದ ಕಡೆಗೆ ಹೆಚ್ಚು. 1989ರ ಏಪ್ರಿಲ್‌ನಲ್ಲಿ ಬಾಂಗ್ಲಾದೇಶದ ಸಾಟೂರಿಯಾದಲ್ಲಿ ಸುಮಾರು 1,300 ಜನ ಸತ್ತರು. ಅಂಥದ್ದು ಕಡೂರಿಗೆ ಬರಲಿ ಎಂದು ಹಾರೈಸುವಷ್ಟು ಫೋಟೋದ ಹುಚ್ಚು ನನಗಿಲ್ಲ.

ದೊಡ್ಡಪ್ಪನ ಪರವಾಗಿ ಹೇಳಬಹುದಾದ ಮಾತೂ ಒಂದಿದೆ, ಅವರಿಗೆ ಅದು ಗೊತ್ತಿಲ್ಲ ಅಷ್ಟೇ. 2013ರ ಮೇ 31ರಂದು ಒಕ್ಲಹೋಮಾದ ಎಲ್ ರೆನೊ ಬಳಿ ಟಿಮ್ ಸಮರಾಸ್ ತೀರಿಕೊಂಡರು, ಜೊತೆಗೆ ಮಗ ಪಾಲ್ ಮತ್ತು ಸಹೋದ್ಯೋಗಿ ಕಾರ್ಲ್ ಯಂಗ್. ಟೊರ್ನಾಡೊ ಬರುವ ದಾರಿಯಲ್ಲಿ ಅಳತೆಯ ಉಪಕರಣ ಇಟ್ಟು ಬರುವುದೇ ಸಮರಾಸ್ ಅವರ ಕೆಲಸ. ಎಚ್ಚರಿಕೆಗೆ ಹೆಸರಾದ ಮನುಷ್ಯ. ಅಂದಿನ ಟೊರ್ನಾಡೊ ದಿಕ್ಕು ಬದಲಿಸಿತು, ನೋಡುನೋಡುತ್ತಲೇ 4 ಕಿಲೋಮೀಟರಿಗೂ ಹೆಚ್ಚು ಅಗಲವಾಯಿತು. ಸಿಡಿಲಿನಿಂದ ಕಾಯುವ ಕಾರು ಅದರ ಮುಂದೆ ಏನೂ ಅಲ್ಲ. ಹಾಗಾಗಿ ಗೊತ್ತಿದ್ದವರಿಗೆ ಅಪಾಯವಿಲ್ಲ ಎಂದು ನಾನು ವಾದಿಸುವುದಿಲ್ಲ. ಗೊತ್ತಿದ್ದವರು ಯಾವಾಗ ಜಾಗ ಖಾಲಿ ಮಾಡುತ್ತಾರೆ ಎಂದಾದರೂ ಕೇಳಿ ಎನ್ನುತ್ತೇನೆ.

ಮಿಂಚಿಗೂ ಗುಡುಗಿಗೂ ನಡುವೆ ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ದೂರ. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ನಾನು ಕಾರಿನಿಂದ ಕಾಲು ಕೆಳಗಿಡುವುದಿಲ್ಲ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವವರೆಗೂ ಇಡುವುದಿಲ್ಲ. ತಣ್ಣನೆಯ ಗಾಳಿ ಸಟ್ಟನೆ ಬೀಸಿ ಎದುರಿಗೆ ಧೂಳಿನ ಗೋಡೆ ಎದ್ದರೆ ಕ್ಯಾಮೆರಾ ಎತ್ತಿಕೊಳ್ಳುವ ಸಮಯ. ತಲೆಯ ಮೇಲೆ ನೀಲಿ ಆಕಾಶವಿದೆ ಎಂಬ ಧೈರ್ಯಕ್ಕೂ ಬೆಲೆಯಿಲ್ಲ. ಮೋಡದ ಹರಡಿದ ತಲೆಯಿಂದ ಹೊರಟ ಸಿಡಿಲು 15 ಕಿಲೋಮೀಟರ್ ಆಚೆ ಬಡಿದದ್ದುಂಟು. ನಮ್ಮಜ್ಜಿ ಗುಡುಗಿದಾಗಲೆಲ್ಲ ಅರ್ಜುನನ ಹತ್ತು ಹೆಸರು ಹೇಳುತ್ತಿದ್ದರು. ಹೆಸರು ಮುಗಿಯುವ ಮೊದಲೇ ಮತ್ತೆ ಗುಡುಗಿದರೆ ಮಕ್ಕಳನ್ನೆಲ್ಲ ಜಗಲಿಯಿಂದ ಒಳಗೆ ಎಳೆದುಕೊಳ್ಳುತ್ತಿದ್ದರು. ಆ ಲೆಕ್ಕ ನನಗೆ ಇಂದಿಗೂ ತಪ್ಪೆನಿಸಿಲ್ಲ.

ಸರಿಯಾದ ಪ್ರಶ್ನೆ ಕೇಳಿದವರು ಒಬ್ಬರೇ. ಕಾವಲಿನ ಅಂಚಿನಲ್ಲಿ ಕುರಿ ಮೇಯಿಸುತ್ತಿದ್ದ ಹಿರಿಯರು ಹತ್ತಿರ ಬಂದು, ಕ್ಯಾಮೆರಾದ ಕಡೆ ನೋಡದೆ ಮೋಡದ ಕಡೆ ನೋಡಿ, "ಅವ್ವಾ, ಅದು ಈ ಕಡೆ ಬರುತ್ತದೆಯೇ?" ಎಂದರು. ಮೊಬೈಲಿನಲ್ಲಿ ಪುಣೆಯ ಹವಾಮಾನ ಸಂಸ್ಥೆಯವರ ದಾಮಿನಿ ಆ್ಯಪ್ ತೆಗೆದು ತೋರಿಸಿದೆ. ಇಪ್ಪತ್ತು ಕಿಲೋಮೀಟರ್ ಒಳಗೆ ಸಿಡಿಲು. ಕಟ್ಟಡದ ಒಳಗೆ ಹೋಗಬೇಕು ಎಂದೆ. "ಯಾವ ಕಟ್ಟಡ?" ಎಂದರು. ಸುತ್ತ ನೋಡಿದೆ. ಹುಲ್ಲು, ಜಾಲಿ, ವಿದ್ಯುತ್ ಕಂಬ. ದೇಶದಲ್ಲಿ ವರ್ಷಕ್ಕೆ 2,000ಕ್ಕೂ ಹೆಚ್ಚು ಜನ ಸಿಡಿಲಿಗೆ ಸಾಯುತ್ತಾರೆ. ಅವರಲ್ಲಿ ಹೆಚ್ಚಿನವರು ಹೊಲದಲ್ಲಿ, ಬಯಲಿನಲ್ಲಿ ದುಡಿಯುವವರು. ಕುರಿಗಾಹಿಗಳಿಗೆಂದು ಮಿಂಚುವಾಹಕ ಇರುವ ಒಂದು ಕೋಣೆ ಕಟ್ಟಿಸಲು ಎಷ್ಟು ಖರ್ಚಾದೀತು ಎಂದು ಮದುವೆ ಊಟಗಳಲ್ಲಿ ಯಾರೂ ಚರ್ಚಿಸಿದ್ದು ನಾನು ಕೇಳಿಲ್ಲ.

"ನನ್ನ ಕಾರಿನಲ್ಲಿ ಕೂರಿ" ಎಂದೆ.

"ಕುರಿಗಳು?" ಎಂದರು.

ಮಳೆ ಅಜ್ಜಂಪುರದ ಕಡೆ ತಿರುಗಿದ್ದರಿಂದ ಅಂದು ನಾನು ಉತ್ತರ ಹೇಳುವ ಪ್ರಮೇಯ ಬರಲಿಲ್ಲ.