ನಿನಗೆ ಇದೊಂದೇ ನೆನಪಿರೋದಾ?

ಈ ವಾರ ಅಮ್ಮ ನಮ್ಮನೆಗೆ ಬಂದಿದ್ದಾಳೆ. ಮಂಗಳವಾರ ರಾತ್ರಿ ಅವಳಿಗೆ ಖುಷಿಯಾಗಲಿ ಅಂತ ಆಲೂಗಡ್ಡೆ ಬೇಯಿಸಿ ಹಿಸುಕಿದೆ. ಉಪ್ಪು, ಕಾಳುಮೆಣಸಿನ ಪುಡಿ, ಮೇಲೆ ಕೆಂಪಗೆ ಹುರಿದ ಈರುಳ್ಳಿ. ನಾವು ಚಿಕ್ಕವರಿದ್ದಾಗ ತಿಂಗಳ ಕೊನೆಯಲ್ಲಿ ರಾತ್ರಿಯೂಟ ಅಂದ್ರೆ ಇದೇ. ಆಗ ಒಂದು ಚಮಚ ಎಣ್ಣೆ ಇರ್ತಿತ್ತು. ಈಗ ನಾನು ಧಾರಾಳವಾಗಿ ಬೆಣ್ಣೆ ಹಾಕಿದ್ದೆ.

ಅಮ್ಮ ತಟ್ಟೆ ನೋಡಿದಳು. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಷ್ಟೆಲ್ಲ ಮಾಡಿ ಹಾಕಿದೀನಿ, ನಿನಗೆ ಇದೊಂದೇ ನೆನಪಿರೋದಾ?" ಅಂದಳು.

ತಮಾಷೆ ಅಂದ್ಕೊಂಡು ನಕ್ಕೆ. ಅವಳು ನಗಲಿಲ್ಲ. ಎರಡು ತುತ್ತು ತಿಂದು, "ಉಪ್ಪು ಸರಿಯಾಗಿದೆ" ಅಂತ ಎದ್ದು ಹೋದಳು.

ಆಮೇಲಿಂದ ಆ ಮಾತು ತಲೇಲೇ ಕೂತಿದೆ. ಪಾತ್ರೆ ತೊಳೀವಾಗ, ಸಿಗ್ನಲ್‌ನಲ್ಲಿ ನಿಂತಾಗ, ಅದೇ. ಇದೊಂದೇ ನೆನಪಿರೋದಾ? ನಿಜ ಹೇಳಬೇಕಂದ್ರೆ, ಹೌದು. ಹಬ್ಬಕ್ಕೆ ಬೆಳಗಿಂದ ಒಲೆ ಮುಂದೆ ನಿಂತು ಮಾಡಿದ್ದೆಲ್ಲ ಕಲಸಿ ಒಂದೇ ಆಗಿಹೋಗಿದೆ. ಆಲೂಗಡ್ಡೆ ಮಾತ್ರ ಹಾಗೇ ಇದೆ. ಬಿಸಿ ಸಿಪ್ಪೆ ಸುಲಿವಾಗ ಅಮ್ಮ ಬೆರಳು ಊದಿಕೊಳ್ತಿದ್ದದ್ದು, ಬಾಣಲೆಯ ಅಂಚಿನಲ್ಲಿ ಸೀದ ಈರುಳ್ಳಿಗೆ ನಾನು, ಅಣ್ಣ ಕಿತ್ತಾಡ್ತಿದ್ದದ್ದು. ಇನ್ನೊಂದು ಕಾರಣವೂ ಇದೆ. ಬೇರೆ ದಿನ ಅಮ್ಮ ಬಡಿಸ್ತಾ ಓಡಾಡ್ತಾನೇ ಇರ್ತಿದ್ದಳು. ಆಲೂಗಡ್ಡೆ ದಿನ ಬಡಿಸೋಕೆ ಇನ್ನೇನೂ ಇರ್ತಿರಲಿಲ್ಲ, ಹಾಗಾಗಿ ನಮ್ಮ ಜೊತೆ ಕೂತ್ಕೊಳ್ತಿದ್ದಳು. ಕೂತಿದ್ದು ಚೆನ್ನಾಗಿ ನೆನಪಿದೆ. ಅವಳ ಮುಂದೆ ತಟ್ಟೆ ಇತ್ತಾ? ಅದು ನೆನಪಿಲ್ಲ.

ಬುಧವಾರ ಅಣ್ಣನಿಗೆ ಫೋನ್ ಮಾಡಿ ಹೇಳಿದೆ. "ಆ ದಿನಗಳೇ ಚೆನ್ನಾಗಿದ್ವು ಬಿಡು" ಅಂದ. ಅಣ್ಣನಿಗೆ ಕಷ್ಟದ ದಿನಗಳ ಬಗ್ಗೆ ಮಾತಾಡೋದು ಅಂದ್ರೆ ಬಲು ಇಷ್ಟ, ಈಗ ಜೇಬು ತುಂಬಿದೆಯಲ್ಲ. ಒಂದ್ಸಲ ಅವನೂ ಇದನ್ನ ಮಾಡೋಕೆ ಹೋಗಿ, ಆಲೂಗಡ್ಡೆಯನ್ನ ಮಿಕ್ಸಿಗೆ ಹಾಕಿ ಗೋಂದು ಮಾಡಿಟ್ಟಿದ್ದ. ತಪ್ಪೆಲ್ಲ ಆಲೂಗಡ್ಡೆಯದಂತೆ! ಬ್ಲೇಡಿನ ರಭಸಕ್ಕೆ ಒಳಗಿನ ಪಿಷ್ಟವೆಲ್ಲ ಹೊರಗೆ ಬಂದು ಅಂಟಾಗುತ್ತೆ. ಕೈಯಲ್ಲೋ ಸೌಟಿನಲ್ಲೋ ಮೆಲ್ಲಗೆ ಹಿಸುಕಬೇಕು, ಅದೂ ಬಿಸಿ ಇರುವಾಗಲೇ. ಇದನ್ನ ಅವನಿಗೆ ಹೇಳಿದ್ರೆ, "ಅಮ್ಮನ ಕೈರುಚಿ ಯಾರಿಗೂ ಬರಲ್ಲ" ಅಂತಾನೆ. ಹಾಗಂದುಬಿಟ್ರೆ ಕಲಿಯೋ ಕೆಲಸ ತಪ್ಪುತ್ತಲ್ಲ.

ಗುರುವಾರ ಅಮ್ಮನನ್ನ ಸಮಾಧಾನ ಮಾಡೋಣ ಅಂತ, ಎಲ್ಲೋ ಓದಿದ್ದನ್ನ ಹೇಳಿದೆ. 1995ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದವರು 38 ಬಗೆಯ ತಿಂಡಿ ತಿನಿಸು ತಗೊಂಡು, ಯಾವುದು ಜಾಸ್ತಿ ಹೊಟ್ಟೆ ತುಂಬಿಸುತ್ತೆ ಅಂತ ಪರೀಕ್ಷೆ ಮಾಡಿದ್ದರು. ಎಲ್ಲದರಲ್ಲೂ ಅಷ್ಟೇ ಕ್ಯಾಲೊರಿ ಇರೋ ಹಾಗೆ ಅಳೆದು ಕೊಟ್ಟು, ಎರಡು ಗಂಟೆ ಹೊತ್ತು ಹಸಿವಿನ ಲೆಕ್ಕ ಬರೆದುಕೊಂಡರು. ಬಿಳಿ ಬ್ರೆಡ್ಡಿಗೆ 100 ಅಂಕ ಅಂತಿಟ್ಟರೆ, ಬೇಯಿಸಿದ ಆಲೂಗಡ್ಡೆಗೆ 323. ಎಲ್ಲಕ್ಕಿಂತ ಮೊದಲು. "ನೋಡು, ನೀನು ಮಾಡ್ತಿದ್ದಿದ್ದು ಎಷ್ಟು ಸರಿ ಇತ್ತು" ಅಂದೆ.

"ಅದಕ್ಕೇ ಅಲ್ವಾ ಮಾಡ್ತಿದ್ದಿದ್ದು" ಅಂದಳು ಅಮ್ಮ. ಅಷ್ಟು ಜನ ಸೇರಿ ಲೆಕ್ಕ ಹಾಕಿದ್ದು ಅವಳಿಗೆ ದೊಡ್ಡ ವಿಷಯವೇ ಅಲ್ಲ.

ಸ್ವಲ್ಪ ತಡೆದು ಅವಳೇ ಶುರು ಮಾಡಿದಳು. "ಹಿಸುಕ್ತಿದ್ದಿದ್ದು ಯಾಕೆ ಗೊತ್ತಾ?"

"ರುಚಿಗೆ."

"ರುಚಿಗೇನು ಬಂತು. ಇಡಿಯಾಗಿ ಕೊಟ್ಟಿದ್ರೆ ನೀವಿಬ್ಬರೂ ಎಣಿಸ್ತಿದ್ರಿ. ಅವನಿಗೆ ಎರಡು, ನನಗೆ ಒಂದೂವರೆ ಅಂತ ಜಗಳ. ಆಮೇಲೆ ಅಮ್ಮನಿಗೆ ಎಷ್ಟು ಅಂತ ಕೇಳ್ತಿದ್ರಿ. ಹಿಸುಕಿಬಿಟ್ರೆ ಯಾರಿಗೂ ಲೆಕ್ಕ ಸಿಗಲ್ಲ."

ನಾನು ಇಷ್ಟು ವರ್ಷ ಅದನ್ನ ಅಮ್ಮನ ಸ್ಪೆಷಲ್ ಅಂತ ಎಲ್ಲರಿಗೂ ಹೇಳ್ಕೊಂಡು ತಿರುಗಿದ್ದೀನಿ. ಗೆಳತಿಯರಿಗೆ ಮಾಡಿ ಬಡಿಸಿದ್ದೀನಿ. ನನಗೆ ಬೆಚ್ಚಗಿನ ರಾತ್ರಿ ಅನ್ನಿಸಿದ್ದು ಅವಳಿಗೆ ಬರೀ ಲೆಕ್ಕಾಚಾರದ ರಾತ್ರಿ. ಅದನ್ನೇ ತಟ್ಟೆಗೆ ಹಾಕಿ, ಮೇಲೆ ಬೆಣ್ಣೆ ಇಟ್ಟು, ಖುಷಿಪಡು ಅಂತ ಮುಂದೆ ತಳ್ಳಿದ್ದೆ. ಅವಳು ಬೈಯಲೂ ಇಲ್ಲ. ಉಪ್ಪು ಸರಿಯಾಗಿದೆ ಅಂದಳು.

ಆದ್ರೂ ನನ್ನ ನೆನಪು ಸುಳ್ಳು ಅಂತ ಒಪ್ಪಿಕೊಳ್ಳೋಕೆ ಮನಸ್ಸಾಗ್ತಿಲ್ಲ. ನಮಗೆ ಲೆಕ್ಕ ಸಿಗಬಾರದು ಅಂತಲೇ ಅಲ್ವಾ ಅವಳು ಹಿಸುಕಿದ್ದು? ಸಿಗಲಿಲ್ಲ. ಮೂವತ್ತು ವರ್ಷ ಸಿಗಲಿಲ್ಲ.

ನಿನ್ನೆ ರಾತ್ರಿ ಮಗಳು ಹಠ ಮಾಡಿದಳು, ಮತ್ತೆ ಅದೇ ಬೇಕಂತೆ. ಅಮ್ಮನ ಮುಖ ನೋಡಿದೆ. "ಮಾಡು ಕಣೇ, ಮಗು ಕೇಳ್ತಿದೆ" ಅಂದಳು. ಬೇಯಿಸಿ ಸುಲಿದು, ಹಿಸುಕೋಕೆ ಸೌಟು ತಗೊಂಡಾಗ ಅಡುಗೆಮನೆ ಬಾಗಿಲಿಗೆ ಬಂದು ನಿಂತಳು.

"ಒಂದು ಹಾಗೇ ಇಡು, ನನಗೆ."

ದೊಡ್ಡದನ್ನೇ ಆರಿಸಿ ಕೊಟ್ಟೆ. ನಿಂತಲ್ಲೇ ಉಪ್ಪು ಉದುರಿಸಿಕೊಂಡು, ಊದಿ ಊದಿ, ಇಡೀ ಆಲೂಗಡ್ಡೆ ತಿಂದಳು.