ಪಕ್ಕದಲ್ಲಿ ಬಂದು ಕುಳಿತವಳು

ಮಗಳು ಹುಟ್ಟಿದ ನಾಲ್ಕನೆಯ ರಾತ್ರಿ. ಅವಳೂ ಅಳುತ್ತಿದ್ದಳು, ನಾನೂ ಅಳುತ್ತಿದ್ದೆ. ತೊಟ್ಟು ಬಿರಿದು ರಕ್ತ ಒಸರುತ್ತಿತ್ತು. ಮಗು ಬಾಯಿ ಹಾಕಿದ ಕೂಡಲೇ ನನ್ನ ಕಾಲ್ಬೆರಳುಗಳು ತಾವಾಗಿಯೇ ಮುದುಡಿಕೊಳ್ಳುತ್ತಿದ್ದವು. ಗಂಡ ಅಡುಗೆಮನೆಯಲ್ಲಿ ನಿಂತು ಹಾಲಿನ ಪುಡಿಯ ಡಬ್ಬಿಯ ಮೇಲಿದ್ದ ಸೂಚನೆಯನ್ನು ಮೂರನೆಯ ಸಲ ಓದುತ್ತಿದ್ದರು. ಮೊಬೈಲಿನ ಪರದೆಯಲ್ಲಿ ಅಮ್ಮ. "ತಲೆ ಸ್ವಲ್ಪ ಮೇಲೆತ್ತು. ಅಲ್ಲ, ಆ ಕಡೆ ಅಲ್ಲ, ಈ ಕಡೆ" ಎನ್ನುತ್ತಿದ್ದಳು. ಅಂಗೈಯಗಲದ ಪರದೆಯಲ್ಲಿ ಯಾವುದು ಆ ಕಡೆ, ಯಾವುದು ಈ ಕಡೆ ಎಂಬುದು ಇಬ್ಬರಿಗೂ ತಿಳಿಯಲಿಲ್ಲ.

ನಾನು ಓದದೇ ಇದ್ದವಳಲ್ಲ. ಹುಟ್ಟಿದ ಒಂದು ಗಂಟೆಯೊಳಗೆ ಹಾಲುಣಿಸಬೇಕು, 6 ತಿಂಗಳವರೆಗೆ ಎದೆಹಾಲು ಬಿಟ್ಟು ನೀರನ್ನೂ ಕೊಡಬಾರದು, ಆಮೇಲೆ ಬೇರೆ ಆಹಾರದ ಜೊತೆಗೆ 2 ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಮುಂದುವರಿಸಬಹುದು ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮಾತು ನನಗೆ ಬಾಯಿಪಾಠವಾಗಿತ್ತು. ಎದೆಹಾಲು ಕುಡಿದ ಮಕ್ಕಳಿಗೆ ಭೇದಿ, ಕಿವಿಯ ಸೋಂಕು, ಎದೆಯ ಸೋಂಕು ಕಡಿಮೆ ಎಂಬುದೂ, ಹಾಲುಣಿಸಿದ ತಾಯಿಗೆ ಸ್ತನ ಮತ್ತು ಅಂಡಾಶಯದ ಕ್ಯಾನ್ಸರಿನ ಅಪಾಯ ತಗ್ಗುತ್ತದೆ ಎಂಬುದೂ ಗೊತ್ತಿತ್ತು. ಈಜುವುದರ ಲಾಭಗಳನ್ನೆಲ್ಲ ಓದಿಕೊಂಡು ಹೊಳೆಗೆ ಇಳಿದವಳ ಹಾಗಿತ್ತು ನನ್ನ ಸ್ಥಿತಿ.

ಮಗುವಿನ ತೂಕ ಇಳಿದಿದೆ ಎಂದು ಆಸ್ಪತ್ರೆಯಲ್ಲಿ ಹೇಳಿದ್ದೇ ನನ್ನ ಧೈರ್ಯ ಕುಸಿಯಲು ಸಾಕಾಯಿತು. ಮೊದಲ ಕೆಲವು ದಿನ ತೂಕ ಸ್ವಲ್ಪ ಇಳಿಯುವುದು ಸಹಜ, ಸುಮಾರು ಎರಡು ವಾರದ ಹೊತ್ತಿಗೆ ಹುಟ್ಟಿದಾಗಿನ ತೂಕ ಮರಳಿ ಬರುತ್ತದೆ ಎಂಬ ಇನ್ನೊಂದು ವಾಕ್ಯವನ್ನು ಸೇರಿಸಲು ಅವರಿಗೆ ಪುರುಸೊತ್ತಿರಲಿಲ್ಲ.

ಆರನೆಯ ದಿನ ಕೆಳಗಿನ ಮನೆಯಾಕೆ ಒಂದು ಚೀಟಿ ಕೊಟ್ಟರು. ಹಾಲುಣಿಸುವ ತಾಯಂದಿರ ಗುಂಪು, ಗ್ರಂಥಾಲಯದ ಮೇಲಿನ ಕೋಣೆ, ಮಂಗಳವಾರ ಬೆಳಗ್ಗೆ ಹತ್ತು ಗಂಟೆ. ಹೋಗುವ ಮನಸ್ಸಿರಲಿಲ್ಲ. ಭಾಷೆ ಇನ್ನೂ ನಾಲಿಗೆಗೆ ಒಗ್ಗದ ದೇಶದಲ್ಲಿ, ಗುರುತಿಲ್ಲದವರ ಮುಂದೆ ಎದೆ ತೆರೆದು ಕುಳಿತುಕೊಳ್ಳುವುದೆಂದರೆ! ಆದರೆ ಹಾಲು ಕಟ್ಟಿಕೊಂಡು ಎದೆ ಕಲ್ಲಾಗಿತ್ತು. ನೋವಿನ ಮುಂದೆ ನಾಚಿಕೆ ಎಷ್ಟು ಹೊತ್ತು ನಿಂತೀತು?

ಏಳೆಂಟು ತಾಯಂದಿರು, ನೆಲದ ಮೇಲೆ ಹಾಸಿದ ಕಂಬಳಿಗಳು. ಒಬ್ಬರು ನನ್ನ ಪಕ್ಕದಲ್ಲಿ ಬಂದು ಕುಳಿತರು. ಮೂರು ಮಕ್ಕಳ ತಾಯಿ, ಒಂದಿಷ್ಟು ತರಬೇತಿ ಪಡೆದು ಬಿಡುವಿನಲ್ಲಿ ಬರುವವರು. ಅವರು ಉಪದೇಶ ಮಾಡಲಿಲ್ಲ. "ಇನ್ನೊಂದು ಸಲ ಹಿಡಿಸುವಾಗ ನಾನು ನೋಡಬಹುದೇ?" ಎಂದಷ್ಟೇ ಕೇಳಿದರು. ನೋಡಿದರು. ಮಗುವನ್ನು ಮುಟ್ಟಲಿಲ್ಲ, ನನ್ನನ್ನೂ ಮುಟ್ಟಲಿಲ್ಲ. ತಮ್ಮ ಕೈಯಲ್ಲಿದ್ದ ಬಟ್ಟೆಯ ಗೊಂಬೆಯಲ್ಲೇ ತೋರಿಸಿದರು. ನಾನು ಮಗುವಿನ ಕಡೆಗೆ ಬಾಗುತ್ತಿದ್ದೆ, ಮಗುವನ್ನೇ ನನ್ನ ಕಡೆಗೆ ತರಬೇಕಿತ್ತು. ಹೊಟ್ಟೆಗೆ ಹೊಟ್ಟೆ ತಾಗುವಂತೆ, ಅದರ ಮೂಗು ತೊಟ್ಟಿನ ನೇರಕ್ಕೆ. ಆಮೇಲೆ ಕಾಯಬೇಕು. ಬಾಯಿ ಆಕಳಿಸಿದಷ್ಟು ಅಗಲವಾದ ಕ್ಷಣದಲ್ಲಿ ಗದ್ದ ಮೊದಲು ಎದೆಗೆ ಒತ್ತುವಂತೆ ತರಬೇಕು. ಬರೀ ತೊಟ್ಟಲ್ಲ, ಅದರ ಸುತ್ತಲಿನ ಕಪ್ಪು ಭಾಗವೂ ಬಹುಪಾಲು ಬಾಯಿಯೊಳಗೆ ಹೋಗಬೇಕು. ಎರಡು ಸಲ ತಪ್ಪಿತು. ತಪ್ಪಿದಾಗ ಕಿರುಬೆರಳನ್ನು ಬಾಯಿಯ ಅಂಚಿನಲ್ಲಿ ತೂರಿಸಿ ಬಿಡಿಸುವುದನ್ನು ಹೇಳಿಕೊಟ್ಟರು. ನಾನು ಅಲ್ಲಿಯವರೆಗೆ ಸುಮ್ಮನೆ ಎಳೆದು ಬಿಡಿಸುತ್ತಿದ್ದೆ, ಚರ್ಮ ಬಿರಿಯದೆ ಇರುತ್ತದೆಯೇ! ಮೂರನೆಯ ಸಲ ನೋವಾಗಲಿಲ್ಲ. ಚೀಪುವುದರ ನಡುವೆ "ಕ್ಹ" ಎಂಬ ಸಣ್ಣ ಸದ್ದು. "ಕೇಳಿಸಿತೇ? ನುಂಗುತ್ತಿದ್ದಾಳೆ" ಎಂದರು.

ಆ ಒಂದು ಗಂಟೆಯನ್ನು ಯಾವ ಪುಸ್ತಕವೂ ನನಗೆ ಕೊಟ್ಟಿರಲಿಲ್ಲ.

"ಹಾಲು ಸಾಲುವುದಿಲ್ಲ" ಎಂಬ ಭಯದ ಬಗ್ಗೆ ಆ ಕೋಣೆಯಲ್ಲೇ ನನಗೆ ತಿಳಿವು ಮೂಡಿತು. ಮಗು ಎಷ್ಟು ಖಾಲಿ ಮಾಡುತ್ತದೆಯೋ ಅಷ್ಟು ಉತ್ಪತ್ತಿಯಾಗುತ್ತದೆ. ಮೊದಲ ವಾರಗಳಲ್ಲಿ ದಿನಕ್ಕೆ 8ರಿಂದ 12 ಸಲ ಕೇಳುವುದು ಹಟವಲ್ಲ, ಮರುದಿನದ ಹಾಲಿಗೆ ಮಗು ಕೊಡುವ ಬೇಡಿಕೆಪಟ್ಟಿ. ಹಾಲು ತಯಾರಿಸುವ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ರಾತ್ರಿಯ ಹೊತ್ತು ಹೆಚ್ಚಾಗಿರುತ್ತದೆ, ಹಾಗಾಗಿ ರಾತ್ರಿ ಕುಡಿಸಿದ್ದು ವ್ಯರ್ಥವಲ್ಲ. ಹಾಲನ್ನು ಕೆಳಗಿಳಿಸುವ ಆಕ್ಸಿಟೋಸಿನ್ ಎಂಬ ಹಾರ್ಮೋನು ಮಾತ್ರ ಬಲು ಸೂಕ್ಷ್ಮ. ನೋವು, ಗಾಬರಿ, ಅವಮಾನ ಇವು ಅದನ್ನು ತಡೆಯುತ್ತವೆ. ಬಾಣಂತಿಯ ಹತ್ತಿರ ಯಾರು ಕುಳಿತು ಏನು ಮಾತಾಡುತ್ತಾರೆ ಎಂಬುದು ಹಾಲಿನ ಮೇಲೂ ಪರಿಣಾಮ ಬೀರುತ್ತದೆ ಎಂದರೆ ಅದು ಉತ್ಪ್ರೇಕ್ಷೆಯೇನಲ್ಲ.

ಇಂಥ ತಾಯಂದಿರ ಗುಂಪುಗಳ ಚರಿತ್ರೆಯೂ ರುಚಿಕರವಾಗಿದೆ. 1956ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಒಂದು ಪಿಕ್‌ನಿಕ್. ಬಾಟಲಿ ಹಾಲೇ ವಾಡಿಕೆಯಾಗಿದ್ದ ಕಾಲದಲ್ಲಿ ಮೇರಿ ವೈಟ್, ಮೇರಿಯನ್ ಟಾಂಪ್ಸನ್ ಎಂಬಿಬ್ಬರು ಅಲ್ಲಿ ಮಕ್ಕಳಿಗೆ ಎದೆಹಾಲುಣಿಸುತ್ತಿದ್ದರು. "ನಮಗೆ ಆಗಲಿಲ್ಲ, ನೀವು ಹೇಗೆ ಮಾಡಿದಿರಿ?" ಎಂಬ ಧಾಟಿಯಲ್ಲಿ ಉಳಿದ ಹೆಂಗಸರು ಸುತ್ತುಗಟ್ಟಿದರು. ಮುಂದೆ ಏಳು ಜನ ಸೇರಿ ಕಟ್ಟಿದ್ದೇ ಲಾ ಲೆಚೆ ಲೀಗ್. ಸ್ತನ ಎಂಬ ಪದವನ್ನು ಪತ್ರಿಕೆಯಲ್ಲಿ ಅಚ್ಚು ಹಾಕಿಸಲು ಮುಜುಗರಪಡುವ ಕಾಲವದು, ಅದಕ್ಕೆ ಹಾಲು ಎಂಬ ಅರ್ಥದ ಸ್ಪ್ಯಾನಿಷ್ ಹೆಸರಿನ ಮರೆ.

ನಮ್ಮ ಗುಂಪಿನಲ್ಲಿ ಬಾಟಲಿಯಲ್ಲೇ ಹಾಲು ಕೊಡುವ ಒಬ್ಬರಿದ್ದಾರೆ. ಹಿಂದೆ ಸ್ತನದ ಶಸ್ತ್ರಚಿಕಿತ್ಸೆಯಾದ ಕಾರಣ ಅವರಿಗೆ ಸಾಕಷ್ಟು ಹಾಲು ಬರಲೇ ಇಲ್ಲ. ಅವರ ಬಾಟಲಿಯ ಕಡೆ ಅಲ್ಲಿ ಯಾರೂ ಕಣ್ಣು ಕಿರಿದು ಮಾಡುವುದಿಲ್ಲ. ಹಾಗೆ ಮಾಡಿದ್ದರೆ ನಾನು ಎರಡನೆಯ ಮಂಗಳವಾರ ಹೋಗುತ್ತಿರಲಿಲ್ಲ.

ಊರಿನಲ್ಲಿರುವ ನಿಮಗೆ ಒಂದು ಮಾತು. ದೂರದಲ್ಲಿ ಹೆತ್ತ ಮಗಳಿಗೋ ತಂಗಿಗೋ ಫೋನು ಮಾಡಿದಾಗ "ಹಾಲು ಸಾಕಾಗುತ್ತಿದೆಯೇ?" ಎಂದು ಕೇಳಬೇಡಿ. ಆ ಪ್ರಶ್ನೆ ಅವಳ ತಲೆಯಲ್ಲಿ ಆಗಲೇ ಗಿರಕಿ ಹೊಡೆಯುತ್ತಿರುತ್ತದೆ. "ನೋವಿದೆಯೇ, ನಿದ್ದೆ ಮಾಡಿದೆಯಾ, ಅಲ್ಲಿ ಯಾರಾದರೂ ಹತ್ತಿರದಲ್ಲಿದ್ದಾರೆಯೇ" ಎಂದು ಕೇಳಿ. ಇಲ್ಲ ಎಂದರೆ ಅವಳ ಗಂಡನಿಗೆ ಫೋನು ಕೊಡಲು ಹೇಳಿ, ಸಮೀಪದ ಗುಂಪನ್ನು ಹುಡುಕುವ ಕೆಲಸವನ್ನು ಅವನಿಗೆ ವಹಿಸಿ. ಡಬ್ಬಿಯ ಸೂಚನೆಯನ್ನು ಮೂರು ಸಲ ಓದುವವನಿಗೆ ಇದೇನೂ ಕಷ್ಟವಲ್ಲ.

ಮಗಳಿಗೆ ಈಗ ಹದಿನಾಲ್ಕು ತಿಂಗಳು. ಕಳೆದ ಮಂಗಳವಾರ ಹೊಸ ತಾಯಿಯೊಬ್ಬಳು ಬಂದಿದ್ದಳು. ಕೋಟನ್ನೂ ಬಿಚ್ಚದೆ ಬಾಗಿಲ ಬಳಿಯೇ ನಿಂತಿದ್ದಳು. ಪಕ್ಕದಲ್ಲಿ ಕೂರಿಸಿಕೊಂಡು, ಹಿಡಿಸುವಾಗ ನೋಡಬಹುದೇ ಎಂದು ಕೇಳಿದೆ. ಮುಕ್ಕಾಲು ಗಂಟೆಯ ನಂತರ ಅವಳ ಭುಜ ಸಡಿಲಾಯಿತು. ನೀವು ಡಾಕ್ಟರೇ ಎಂದು ವಿಚಾರಿಸಿದಳು.

ಅಲ್ಲ, ಒಂದು ಕಚೇರಿಯಲ್ಲಿ ಲೆಕ್ಕ ಬರೆಯುತ್ತೇನೆ ಎಂದೆ.