ಒಂಬತ್ತು ಗಾಡಿ, ಒಂದು ಕೊರಕಲು ಏರು

ನಮ್ಮ ಗುಂಪಿನ ಆಫ್ ರೋಡ್ ಪ್ರವಾಸಕ್ಕೆ ಮೂರನೇ ಸಲ ಜಾಡು ನೋಡಿಕೊಂಡು ಬಂದೆ. ಪ್ಲಾನ್ ಕೊನೆಗೂ ಕುದುರಿತು! ಹೋದ ವಾರ ನಾನು ಎಷ್ಟು ಬೇಸತ್ತಿದ್ದೆನೆಂದರೆ, ಗುಂಪನ್ನೇ ಎರಡು ಮಾಡಿ ಬೇರೆ ಬೇರೆ ದಿನ ಕಳಿಸಿಬಿಡೋಣ ಅನ್ನುವವರೆಗೂ ಹೋಗಿದ್ದೆ. ಈಗ ಒಂಬತ್ತೂ ಗಾಡಿ ಒಟ್ಟಿಗೇ ಹೊರಡುತ್ತವೆ, ಒಟ್ಟಿಗೇ ವಾಪಸಾಗುತ್ತವೆ. ಮ್ಯಾಪ್, ಅನುಮತಿ, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ವಾಕಿಟಾಕಿ ಚಾನೆಲ್ ಎಲ್ಲ ಮಾಮೂಲಿ ಕೆಲಸ, ಅದನ್ನು ಬಿಡುತ್ತೇನೆ. ತಲೆ ತಿಂದದ್ದು ಒಂದೇ ಒಂದು ಏರು.

ಮೊದಲು ಗುಂಪಿನ ಲೆಕ್ಕ. ಎರಡು ಗಾಡಿಗೆ ಹಿಂದೆ ಮುಂದೆ ಡಿಫ್ ಲಾಕ್ (ಎಡ ಬಲ ಚಕ್ರ ಒಟ್ಟಿಗೇ ತಿರುಗುವಂತೆ ಬಿಗಿಯುವ ಸಾಧನ), ವಿಂಚ್ (ಹಗ್ಗ ಸುತ್ತಿ ಗಾಡಿ ಎಳೆಯುವ ಯಂತ್ರ), ಮಡ್ ಟೈರ್ ಎಲ್ಲ ಇದೆ. ನಾಲ್ಕು ಸ್ಟಾಕ್, ಅಂದರೆ ಏನೂ ಮಾರ್ಪಾಡು ಮಾಡದ, ಫೋರ್ ಬೈ ಫೋರ್ ಪಿಕಪ್, ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಸಿಗುವಂಥವು. ಉಳಿದ ಮೂರು ಟೂ ವೀಲ್ ಡ್ರೈವ್, ಎರಡೇ ಚಕ್ರಕ್ಕೆ ಆ ಬಲ. ತೊಡಕು ಏನೆಂದರೆ, ಗಾಡಿಯ ತಾಕತ್ತಿಗೂ ಓಡಿಸುವವರ ಕೈಗೂ ತಾಳೆಯೇ ಇಲ್ಲ. ಟೂ ವೀಲ್ ಡ್ರೈವ್ ತರುವವರಲ್ಲಿ ಒಬ್ಬರು ಇಡೀ ಗುಂಪಿನಲ್ಲೇ ಚೆಂದ ಓಡಿಸುತ್ತಾರೆ. ವಿಂಚ್ ಕಟ್ಟಿಸಿದವರಲ್ಲಿ ಒಬ್ಬರು ಲೋ ರೇಂಜಿಗೆ (ನಿಧಾನವಾಗಿ, ಹೆಚ್ಚು ಬಲದಿಂದ ಎಳೆಯುವ ಗೇರುಗಳಿಗೆ) ಒಮ್ಮೆಯೂ ಹಾಕಿಲ್ಲ.

ಇದು ಗೊತ್ತಾದದ್ದು ಪ್ರಶ್ನೆ ಬದಲಿಸಿದ ಮೇಲೆ. "ಅನುಭವ ಎಷ್ಟಿದೆ?" ಎಂದರೆ ಒಂಬತ್ತು ಜನರದ್ದೂ ಒಂದೇ ಉತ್ತರ, "ಪರವಾಗಿಲ್ಲ". ಆಮೇಲೆ ಬೇರೆ ಥರ ಕೇಳಿದೆ: ಕೊನೆಯ ಸಲ ಲೋ ರೇಂಜ್ ಯಾವಾಗ ಬಳಸಿದಿರಿ? ಏರಿನ ಮಧ್ಯೆ ಎಂಜಿನ್ ಆಫ್ ಆದರೆ ಮೊದಲು ಏನು ಮಾಡುತ್ತೀರಿ? ನಿಮ್ಮ ಗಾಡಿಯ ರಿಕವರಿ ಪಾಯಿಂಟ್ (ಸಿಕ್ಕಿಕೊಂಡಾಗ ಎಳೆಯಲು ಹಗ್ಗ ಕಟ್ಟುವ ಕೊಂಡಿ) ಫೋಟೊ ಕಳಿಸಿ. ಮೂರು ಜನ ಟೋ ಬಾಲ್, ಅಂದರೆ ಟ್ರೇಲರ್ ಸಿಕ್ಕಿಸುವ ಗುಂಡಿನ, ಫೋಟೊ ಕಳಿಸಿದರು. ನೋಡಿ ಎದೆ ಧಸಕ್ಕೆಂದಿತು. ಹಗ್ಗದ ಬಿಗಿತಕ್ಕೆ ಆ ಬಾಲ್ ಮುರಿದು ಹಾರಿದರೆ ಗುಂಡಿನಂತೆ ಗಾಜು ಸೀಳಿ ಬರುತ್ತದೆ, ಜೀವ ಹೋದ ಉದಾಹರಣೆಗಳಿವೆ. ಮೂವರಿಗೂ ಅವತ್ತೇ ಫೋನ್ ಮಾಡಿದೆ.

ಈಗ ಏರಿನ ವಿಷಯ. ಉದ್ದ ಎಂಬತ್ತು ಹೆಜ್ಜೆ ಇದ್ದರೆ ಹೆಚ್ಚು. ಆದರೆ ನಡುವೆ ಮಳೆನೀರು ಕೊರೆದ ಎರಡು ಕೊರಕಲು ಇವೆ, ಎಡಕ್ಕೊಂದು, ಬಲಕ್ಕೊಂದು, ಸ್ವಲ್ಪ ಹಿಂದೆ ಮುಂದೆ. ಮುಂದಿನ ಎಡ ಚಕ್ರ ಒಂದರ ಮೇಲೆ ತೂಗುವಾಗಲೇ ಹಿಂದಿನ ಬಲ ಚಕ್ರ ಇನ್ನೊಂದರ ಮೇಲೆ ತೂಗುತ್ತದೆ. ಲಾಕ್ ಇಲ್ಲದ ಓಪನ್ ಡಿಫ್ (ಎಡ ಬಲ ಚಕ್ರಕ್ಕೆ ಬಲ ಹಂಚುವ ಗೇರು ಪೆಟ್ಟಿಗೆ) ಎರಡೂ ಬದಿಗೆ ಸಮ ಟಾರ್ಕ್, ಅಂದರೆ ತಿರುಗಿಸುವ ಬಲ, ಕೊಡುತ್ತದೆ. ಗಾಳಿಯಲ್ಲಿ ತಿರುಗುವ ಚಕ್ರಕ್ಕೆ ಸಾಕಾಗುವುದು ಎಷ್ಟೋ, ನೆಲ ಕಚ್ಚಿದ ಚಕ್ರಕ್ಕೂ ಸಿಗುವುದು ಅಷ್ಟೇ. ಗಾಡಿ ನಿಂತಲ್ಲೇ ನಿಲ್ಲುತ್ತದೆ.

ಮೊದಲ ಸಲ ನೋಡಲು ಹೋದಾಗ ನಮ್ಮವರೊಬ್ಬರು ಸ್ಟಾಕ್ ಪಿಕಪ್ಪನ್ನು ರಭಸದಿಂದ ನುಗ್ಗಿಸಿದರು. ಮೂತಿ ಎದ್ದಿತು, ಧಡ್ಡನೆ ಬಿದ್ದಿತು, ಅಡಿಯ ಪ್ಲೇಟ್ ಮಡಚಿತು. ಎರಡನೇ ಸಲ ನಿಧಾನವಾಗಿ ಹತ್ತಿಸಲು ನೋಡಿದೆವು. ಚಕ್ರ ಸುತ್ತಿ ಸುತ್ತಿ ಕೊರಕಲು ಇನ್ನೂ ಆಳವಾಯಿತು. ಒಬ್ಬರು ಸಿಕ್ಕಿಹಾಕಿಕೊಂಡರೆ ಹಿಂದಿನವರಿಗೆ ಏರು ಮತ್ತಷ್ಟು ಕೆಡುತ್ತದೆ ಎಂದು ನನಗೆ ಮನದಟ್ಟಾದದ್ದು ಆಗ. ಕಾಯುವ ಲೆಕ್ಕವೂ ಹೆದರಿಸಿತು: ಗಾಡಿಗೆ 6 ನಿಮಿಷ ಹಿಡಿದರೂ ಒಂಬತ್ತಕ್ಕೆ 54 ನಿಮಿಷ, ಅದೂ ಯಾರೂ ಸಿಕ್ಕಿಕೊಳ್ಳದಿದ್ದರೆ.

ಮೂರನೇ ಸಲ ಎರಡು ಸಂಗತಿ ಒಟ್ಟಿಗೆ ಒದಗಿದವು. ಟೈರ್ ಗಾಳಿ 35 ಪಿಎಸ್‌ಐನಿಂದ 18ಕ್ಕೆ ಇಳಿಸಿ, ಲೋ ರೇಂಜ್ ಫಸ್ಟ್ ಗೇರಿನಲ್ಲಿ, ಕೊರಕಲುಗಳ ನಡುವಿನ ದಿಬ್ಬದ ಮೇಲೆ ಚಕ್ರ ಇಟ್ಟು ಹೋದಾಗ ಅದೇ ಸ್ಟಾಕ್ ಪಿಕಪ್ ತೆವಳಿಕೊಂಡು ಹತ್ತಿಬಿಟ್ಟಿತು. ಟೈರು ಕಲ್ಲಿನ ಮೇಲೆ ಹಿಟ್ಟಿನಂತೆ ಒತ್ತಿಕೊಂಡು ಹಿಡಿಯುವುದನ್ನು ಪಕ್ಕದಲ್ಲಿ ಕೂತು ನೋಡಬೇಕು, ಕಣ್ಣಿಗೆ ಹಬ್ಬ! ಅಷ್ಟು ಕಡಿಮೆ ಗಾಳಿಯಲ್ಲಿ ಸ್ಟೀರಿಂಗ್ ಗಕ್ಕನೆ ತಿರುಗಿಸಬಾರದು, ಟೈರು ರಿಮ್ ಬಿಟ್ಟು ಕಳಚಬಹುದು.

ಇನ್ನೊಂದು, ಏರಿನ ಬಲಕ್ಕೆ ಪೊದೆಯ ಹಿಂದೆ ಒಂದು ಹಳೆಯ ಜಾಡು ಕಣ್ಣಿಗೆ ಬಿತ್ತು. ನಡೆದು ನೋಡಿದೆ. ಸುತ್ತಿ ಬಳಸಿ ಏರಿನ ನೆತ್ತಿಗೇ ಬಂದು ಸೇರುತ್ತದೆ! ಟೂ ವೀಲ್ ಡ್ರೈವ್‌ಗಳಿಗೆ ಇನ್ನೇನು ಬೇಕು? ಆ ಕ್ಷಣಕ್ಕೆ ಇಡೀ ದಾರಿಯ ಕಲ್ಪನೆಯೇ ಬದಲಾಯಿತು. ಮನೆಗೆ ಬಂದವನೇ ಪಟ್ಟಿಯಲ್ಲಿದ್ದ ಏಳು ಕಷ್ಟದ ಜಾಗಗಳಲ್ಲಿ ಬಳಸುದಾರಿ ಇಲ್ಲದ ನಾಲ್ಕನ್ನು ಹೊಡೆದುಹಾಕಿದೆ. ಅದರಲ್ಲೊಂದು ನನಗೆ ತುಂಬಾ ಇಷ್ಟದ ಬಂಡೆ ಮೆಟ್ಟಿಲು, ಅಳಿಸುವಾಗ ಸಂಕಟವಾಯಿತು. ಉಳಿದ ಮೂರರಲ್ಲೂ ಬೇಕಾದವರು ಹತ್ತಬಹುದು, ಬೇಡವಾದವರು ಬಳಸಿ ಮೇಲೆ ಬಂದು ನೋಡಬಹುದು.

ಸಾಲಿನ ಕ್ರಮವೂ ಇದರ ಮೇಲೆಯೇ ನಿಂತಿದೆ. ವಿಂಚ್ ಗಾಡಿಗಳಲ್ಲಿ ಒಂದು ಮೊದಲು, ಇನ್ನೊಂದು ಕೊನೆಗೆ, ಹೊಸಬರು ನಡುವೆ. ತಿರುವಿನಲ್ಲಿ ಹಿಂದಿನ ಗಾಡಿ ಕಾಣುವವರೆಗೆ ಮುಂದಿನವರು ಕದಲುವಂತಿಲ್ಲ. ಏರಿನಲ್ಲಿ ಕೈಸನ್ನೆ ಮಾಡುವವರು ಒಬ್ಬರೇ, ನಾನು ಹೇಳಿದ ಆ ಟೂ ವೀಲ್ ಡ್ರೈವ್ ಚಾಲಕರು. ಕೇಳಿದಾಗ ಅವರ ದನಿಯಲ್ಲಿದ್ದ ಖುಷಿ ಇನ್ನೂ ಕಿವಿಯಲ್ಲಿದೆ.

ಸಾಮಾನು ಕಳಿಸುವವರ ಮೇಲೆ ಮಾತ್ರ ಕೋಪ ಇಳಿದಿಲ್ಲ. 4.75 ಟನ್ ಅಚ್ಚು ಹಾಕಿದ ಶ್ಯಾಕಲ್ (ಹಗ್ಗವನ್ನು ಗಾಡಿಗೆ ಸಿಕ್ಕಿಸುವ ಕೊಂಡಿ) ಆರ್ಡರ್ ಮಾಡಿದರೆ ಯಾವ ಅಚ್ಚೂ ಇಲ್ಲದ ಹೊಳೆಯುವ ಕಬ್ಬಿಣ ಕಳಿಸಿದ್ದಾರೆ. "ಅದೇ ಸಾರ್, ಬಣ್ಣ ಬೇರೆ ಅಷ್ಟೇ" ಅಂತೆ. ಎಷ್ಟು ಭಾರ ತಡೆಯುತ್ತದೆಂದು ಬರೆದಿಲ್ಲದ ಶ್ಯಾಕಲ್ ನನ್ನ ಗುಂಪಿನ ಹಗ್ಗಕ್ಕೆ ಬೀಳುವುದಿಲ್ಲ. ಎರಡು ಸಲ ವಾಪಸ್ ಕಳಿಸಿದ್ದೇನೆ.

ಗಾಳಿ ಇಳಿಸುವುದು ಸುಲಭ, ತುಂಬುವುದು? ನನ್ನ ಕಂಪ್ರೆಸರ್‌ಗೆ ಟೈರಿಗೆ 5 ನಿಮಿಷ, ಗಾಡಿಗೆ 20. ಗಾಳಿ ಇಳಿಸುವ ಆರು ಗಾಡಿಗೆ ಎರಡು ಕಂಪ್ರೆಸರ್ ಇಟ್ಟರೂ ಒಂದು ಗಂಟೆ. ಹಾಗಾಗಿ ಮುಂದಿನ ಕೆಲಸ ಆಗಲೇ ತಲೆಯೊಳಗೆ ಶುರುವಾಗಿದೆ: ಬಾನೆಟ್ ಕೆಳಗೆ ಜೋಡಿ ಕಂಪ್ರೆಸರ್, ನಾಲ್ಕು ಪೈಪು, ನಾಲ್ಕೂ ಟೈರಿಗೆ ಒಂದೇ ಸಲ ಗಾಳಿ. ಬ್ರಾಕೆಟ್ಟಿನ ಚಿತ್ರ ನಿನ್ನೆ ರಾತ್ರಿಯೇ ಬರೆದೆ, ಬ್ಯಾಟರಿ ಪಕ್ಕದ ಜಾಗಕ್ಕೆ ಎರಡು ಬೆರಳು ಸಾಲುತ್ತಿಲ್ಲ.

ಅದಿರಲಿ, ಮೊದಲು ಶ್ಯಾಕಲ್ ಬರಬೇಕು. ಒಂದು ಒಳ್ಳೆ ಮಳೆ ಬಿದ್ದ ಮಾರನೇ ದಿನ ಆ ಬಳಸುದಾರಿಯನ್ನು ಟೂ ವೀಲ್ ಡ್ರೈವಿನಲ್ಲೇ ಒಮ್ಮೆ ಹತ್ತಿ ನೋಡಬೇಕು. ಅದು ಹತ್ತಿದರೆ ದಿನಾಂಕ ತಿಳಿಸುತ್ತೇನೆ.